ಬೀಗರ ಬುತ್ತಿಯಲ್ಲಿ ಬಂದ ಮಾತ್ರೆ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಮ್ಮ ಕಾಲೇಜಿನಲ್ಲಿ ನಾನು ಹೇಳಿದ ಯಾವುದನ್ನೂ ಯಾರೂ ನಂಬುವುದಿಲ್ಲ, ಆದರೂ ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಹಿಡಿದುಕೊಂಡು ನನ್ನ ಬೆಂಚಿನ ಸುತ್ತಲೇ ಬಂದು ಕೂರುತ್ತಾರೆ. ಆದರೆ ಇದು ಮಾತ್ರ ನಮ್ಮೂರ ಸ್ವಾಮಿ ಮೇಲಾಣೆ ನಿಜ: ಕೊಟ್ಟೂರಿನ ನಮ್ಮ ಮನೆಯಲ್ಲಿ ಅಜ್ಜನ ಎಡಗಾಲನ್ನು ಉಳಿಸಲು ನಾನು ಒಂದು ಸ್ಪರ್ಧೆ ಇಟ್ಟಿದ್ದೆ. ಪಾದಗಳ ಸ್ಪರ್ಧೆ. ಇಬ್ಬರು ಮುದುಕರು, ಒಂದು ಹತ್ತಿ ಬತ್ತಿ. ನೋಡಲು ಅರ್ಧ ಓಣಿ ಬಂದಿತ್ತು. ಅರ್ಧ ಓಣಿ ಎಂದರೆ ಎದುರು ಮನೆಯ ದೊಡ್ಡವ್ವ ಮತ್ತು ಅವಳ ಆಡು. ಆದರೂ ಬಂದಿತ್ತು.

ಮೊದಲು ಅಜ್ಜನ ಕಾಲಿನ ವಿಚಾರ ಹೇಳುತ್ತೇನೆ, ಏಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆಯೇ.

ಅಜ್ಜನಿಗೆ ಸಕ್ಕರೆ ಕಾಯಿಲೆ ಬಂದದ್ದು ನಾನು ಹುಟ್ಟುವುದಕ್ಕೂ ಮುಂಚೆ. ಮನೆಗೆ ಮೊದಲು ಬಂದದ್ದು ಕಾಯಿಲೆ, ಆಮೇಲೆ ನಾನು. ಹಿರಿತನ ನೋಡಿದರೆ ಅದು ನನಗೆ ಅಕ್ಕ. ಮನೆಯಲ್ಲಿ ಅದಕ್ಕೆ ಸಿಗುವ ಮರ್ಯಾದೆಯೂ ಹಾಗೇ ಇದೆ. ಅದಕ್ಕೆ ಹೊತ್ತು ಹೊತ್ತಿಗೆ ಊಟ, ಅದರ ಹೆಸರಿನಲ್ಲಿ ಪಲ್ಯ, ಅದಕ್ಕಾಗಿ ದಾವಣಗೆರೆ ಪ್ರಯಾಣ. ನನ್ನನ್ನು ಕೂಡ್ಲಿಗಿಗೆ ಕರೆದುಕೊಂಡು ಹೋಗಿ ಎಂದರೂ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇದರ ಮೇಲೆ ಅಜ್ಜ ವರ್ಷಗಟ್ಟಲೆ ಬೀಡಿ ಸೇದಿದ್ದಾನೆ. ಈಗ ಬಿಟ್ಟಿದ್ದಾನೆ. ಬಿಟ್ಟಿದ್ದೇನೆ ಎಂದು ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಹೇಳುತ್ತಾನೆ. ಆದರೆ ಕಾಲಿನ ರಕ್ತನಾಳಗಳು ಆಗಲೇ ಕಟ್ಟಿಕೊಂಡಿದ್ದವು. ಎರಡು ವರ್ಷದ ಹಿಂದೆ ಎಡಗಾಲಿನ ಕಿರುಬೆರಳ ಬುಡಕ್ಕೆ ಒಂದು ಜಾಲಿ ಮುಳ್ಳು ಹೊಕ್ಕಿತು. ಅಜ್ಜನಿಗೆ ಗೊತ್ತೇ ಆಗಲಿಲ್ಲ. ಮುಳ್ಳು ಬಾಡಿಗೆಗೆ ಬಂದವರ ಹಾಗೆ ಆರಾಮಾಗಿ ಒಳಗೇ ಉಳಿದುಕೊಂಡಿತು. ವಾಸನೆ ಬಂದಾಗ ನೋಡಿದರೆ ಬೆರಳು ಕಪ್ಪಗಾಗಿತ್ತು. ದಾವಣಗೆರೆಯಲ್ಲಿ ಅದನ್ನು ತೆಗೆದರು. ಆ ವಾರ ನಮ್ಮ ಮನೆಯಲ್ಲಿ ಯಾರೂ ದನಿ ಎತ್ತಿ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಅಂದರೆ ನೀವೇ ತಿಳಿದುಕೊಳ್ಳಿ.

ದಾವಣಗೆರೆಯ ಡಾಕ್ಟರಮ್ಮ ಮಾತಿನಲ್ಲಿ ಜಿಪುಣಿ, ಆದರೆ ಆಡಿದ ಮಾತು ಮರೆಯುವಂತಿಲ್ಲ. ಗಾಯ ಮಾಯ್ದ ಮೇಲೆ ಅಜ್ಜನನ್ನು ಕೂರಿಸಿಕೊಂಡು ಕೇಳಿದರು.

"ಅಜ್ಜಾರೆ, ನಿಮ್ಮ ಹೊಲದಾಗೆ ಡ್ರಿಪ್ ಹಾಕಿಸಿದೀರಾ?"

"ಹಾಕ್ಸೀನ್ರಿ. ಉಳ್ಳಾಗಡ್ಡಿಗೆ."

"ಪೈಪಿನಾಗೆ ಉಪ್ಪು ಕಟ್ಟಿದ್ರೆ ಏನಾಗುತ್ತೆ?"

"ಕಡೀ ಸಾಲಿಗೆ ನೀರು ಮುಟ್ಟಂಗಿಲ್ರಿ."

"ನಿಮ್ಮ ಕಾಲ್ಬೆರಳು ಅದೇ ಕಡೇ ಸಾಲು. ರಕ್ತ ಮುಟ್ತಾ ಇಲ್ಲ. ಗಾಯ ಆದ್ರೆ ಮಾಯೋದು ಕಷ್ಟ. ಆದದ್ದೂ ನಿಮಗೆ ಗೊತ್ತಾಗಲ್ಲ. ಬರಿಗಾಲಾಗೆ ನಡೀಬ್ಯಾಡ್ರಿ, ಮನೆಯೊಳಗೂ."

ಅಜ್ಜ ತಲೆಯಾಡಿಸಿದ. ಆಮೇಲೆ, ಅಂಗಡಿಯಲ್ಲಿ ಹೊಸ ಸೀರೆ ಬಂದಿದೆಯೇ ಎಂದು ಕೇಳುವ ಹಾಗೆ ಕೇಳಿದ: "ಅಲ್ರಿ, ಹೊಸಾ ಗುಳಿಗಿ ಬಂದಾವಂತಲ್ರಿ? ಸಕ್ರಿ ಎಲ್ಲಾ ಉಚ್ಚ್ಯಾಗ ಹೋಗೋವು?"

"ಬಂದಾವೆ. ಎಷ್ಟೋ ಜನಕ್ಕೆ ಒಳ್ಳೇವು. ಹೃದಯಕ್ಕೂ ಕಿಡ್ನಿಗೂ ಒಳ್ಳೇದು ಅಂತ ನಾನೇ ಬರೆದು ಕೊಡ್ತೀನಿ. ಆದ್ರೆ ಆ ಜಾತಿ ಮಾತ್ರೆಯೊಳಗೆ ಒಂದರ ಮೇಲೆ, ಕಾಲ್ಬೆರಳು ತೆಗೆಯೋ ಪರಿಸ್ಥಿತಿ ಬರಬಹುದು ಅಂತ ಎಚ್ಚರಿಕೆ ಕೊಟ್ಟಿದ್ರು. ನಿಮಗೆ ಒಂದು ಬೆರಳು ಆಗಲೇ ಹೋಗೈತೆ. ಕಾಲಿಗೆ ರಕ್ತ ಕಮ್ಮಿ. ನಿಮ್ಮ ಕಾಲಿನ ಜೊತೆ ನಾನು ಜೂಜಾಡಲ್ಲ. ನಾನು ಬರೆದದ್ದು ಬಿಟ್ಟು ಬ್ಯಾರೆ ಯಾವ ಮಾತ್ರೆನೂ ಮುಟ್ಟಬ್ಯಾಡ್ರಿ."

ಅಲ್ಲಿಂದ ವಾಪಸ್ ಬರುವಾಗಲೇ ನನಗೆ ಹುದ್ದೆ ಸಿಕ್ಕಿತು. ದಿನಾ ಬೆಳಿಗ್ಗೆ ಅಜ್ಜನ ಪಾದ ನೋಡುವುದು, ಬೆರಳ ಸಂದಿ ಒರೆಸುವುದು, ಕೆಂಪು, ಬಿರುಕು, ಬೊಬ್ಬೆ ಇದ್ದರೆ ಹೇಳುವುದು. ಅಜ್ಜನಿಗೆ ಬಗ್ಗಲು ಆಗುವುದಿಲ್ಲ, ಅಡ್ಡ ಹೊಟ್ಟೆ ಇದೆ. ನಾನು ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವುದರಿಂದ ಈ ಕೆಲಸಕ್ಕೆ ಜಿಲ್ಲೆಯಲ್ಲೇ ನನಗಿಂತ ತಕ್ಕವರು ಇರಲಿಲ್ಲ. ಫೋನಿನ ಟಾರ್ಚ್ ಹಾಕಿಕೊಂಡು ಪಾದದ ಕೆಳಗೆ ಕೂತರೆ ನನಗೆ ಉಚ್ಚಂಗಿದುರ್ಗದ ಕೋಟೆ ನೋಡಿದ ಹಾಗೇ ಆಗುತ್ತಿತ್ತು. ಅಂಥಾ ಹಿಮ್ಮಡಿ. ಅದರ ಬಿರುಕುಗಳಲ್ಲಿ ಒಂದು ಸ್ಕೂಟಿ ನಿಲ್ಲಿಸಿ, ಬೀಗ ಹಾಕಿ, ಸಂತೆ ಮುಗಿಸಿಕೊಂಡು ಬರಬಹುದು. ದಿನಾ ಎಣ್ಣೆ ಹಚ್ಚಿ ಹಚ್ಚಿ ಈಗ ಸ್ಕೂಟಿಯ ಜಾಗ ಸೈಕಲ್ಲಿಗೆ ಇಳಿದಿದೆ.

ಇನ್ನು ಅವ್ವ. ಅವ್ವ ಬಸ್ ಕಂಡಕ್ಟರ್. ಕೂಡ್ಲಿಗಿಯಿಂದ ಕೊಟ್ಟೂರು ಮೇಲೆ ಹರಪನಹಳ್ಳಿಗೆ ಹೋಗುವ ಬಸ್ಸು ಅವಳದು. ಅವಳು "ಒಳಗ ನಡ್ರಿ" ಎಂದರೆ ಬಸ್ಸಿನವರಷ್ಟೇ ಅಲ್ಲ, ರಸ್ತೆ ಬದಿಯ ಜನರೂ ಒಂದು ಹೆಜ್ಜೆ ಮುಂದೆ ಸರಿಯುತ್ತಾರೆ. ಅಪ್ಪ ಈರುಳ್ಳಿ ಲಾರಿಯ ಜೊತೆ ಊರೂರು ತಿರುಗುತ್ತಿರುತ್ತಾನೆ. ಈ ಕಥೆಯಲ್ಲಿ ಅವನ ಪಾತ್ರವೇ ಇಲ್ಲ.

ಪಾತ್ರ ಇರುವುದು ಬೀಗರದು. ನನ್ನ ಸೋದರತ್ತೆಯನ್ನು ಹರಪನಹಳ್ಳಿಗೆ ಕೊಟ್ಟಿದ್ದಾರೆ. ಅವಳ ಮಾವ, ಅಂದರೆ ನಮ್ಮ ಅಜ್ಜನ ಬೀಗರು, ನನ್ನ ಬಾಯಲ್ಲಿ ಹರಪನಹಳ್ಳಿ ಅಜ್ಜ. ಮದುವೆಯ ದಿನದಿಂದ ಈ ಇಬ್ಬರು ಬೀಗರ ನಡುವೆ ಮರ್ಯಾದೆಯ ಯುದ್ಧ ನಡೆದಿದೆ. ಅವರು ನಮಗೆ ಬುತ್ತಿ ಕಳಿಸುತ್ತಾರೆ: ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ, ಹೋಳಿಗೆ, ಎಲ್ಲ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವ್ವನ ಕೈಗೆ ಕೊಟ್ಟರೆ ಸಂಜೆಗೆ ನಮ್ಮ ಪಡಸಾಲೆಯಲ್ಲಿ ಇರುತ್ತದೆ. ಡಬ್ಬಿ ಖಾಲಿ ವಾಪಸ್ ಹೋಗಬಾರದು. ನಾವು ಇನ್ನೂ ಹೆಚ್ಚು ತುಂಬಿ ಕಳಿಸಬೇಕು. ಇಬ್ಬರಿಗೂ ಸಕ್ಕರೆ ಕಾಯಿಲೆ ಇದ್ದರೂ ಇಬ್ಬರ ಡಬ್ಬಿಯಲ್ಲೂ ಹೋಳಿಗೆ ಇರಲೇಬೇಕು, ಇಲ್ಲದಿದ್ದರೆ ಕೈ ಬಿಗಿ ಎಂದು ಮಾತು ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಕಾನೂನು ಏನೆಂದರೆ, ಬೀಗರ ಬುತ್ತಿಯಲ್ಲಿ ಬಂದದ್ದನ್ನು ಒಲ್ಲೆ ಎನ್ನಬಾರದು, ಚೆಲ್ಲಬಾರದು, ವಾಪಸ್ ಕಳಿಸಬಾರದು. ತಿನ್ನಬೇಕು. ಒಮ್ಮೆ ಅತ್ತೆ ಅವಸರದಲ್ಲಿ ಸಕ್ಕರೆ ಬದಲು ಉಪ್ಪು ಸುರಿದ ಕರ್ಚಿಕಾಯಿ ಕಳಿಸಿದ್ದಳು. ಅಜ್ಜ ಅಷ್ಟನ್ನೂ ತಿಂದು, "ಭಾಳ ರುಚಿ ಆಗಿದ್ವು ಬೀಗ್ರ" ಎಂದು ಫೋನು ಮಾಡಿ, ನೀರಿನ ಕೊಡವನ್ನು ತಬ್ಬಿಕೊಂಡು ಮಲಗಿದ.

ಈ ಬೇಸಿಗೆಯಲ್ಲಿ ಯುದ್ಧ ಹೊಸ ದಿಕ್ಕಿಗೆ ಹೊರಳಿತು. ಹರಪನಹಳ್ಳಿ ಅಜ್ಜ ಸಣ್ಣಗಾದರು. ಎಷ್ಟು ಸಣ್ಣಗೆಂದರೆ, ಅವರು ಬಂದು ಕೂತರೆ ನಾವು ಫ್ಯಾನಿನ ವೇಗ ಕಮ್ಮಿ ಮಾಡಬೇಕಾಗುತ್ತಿತ್ತು. ಅಜ್ಜ ಫೋನಿನಲ್ಲಿ ಗುಟ್ಟು ಕೇಳಿದ. ಅವರ ದನಿ ಸ್ಪೀಕರ್ ಇಲ್ಲದೆಯೇ ಪಡಸಾಲೆ ತುಂಬಿತು.

"ಏನ್ ಮಾತ್ರೆ ಅಂತೀರಿ ಬೀಗ್ರೆ! ಸಕ್ಕರೆ ಎಲ್ಲಾ ಉಚ್ಚೆಯಾಗೆ ಹೋಗಿಬಿಡ್ತೈತೆ. ಹೊಟ್ಟೆ ನೋಡ್ರಿ ಬಂದು, ಹಾಳೆ ಆಗೈತೆ, ಹಾಳೆ!"

"ಹಂಗೇನ್ರಿ," ಎಂದ ಅಜ್ಜ ತನ್ನ ಹೊಟ್ಟೆಯನ್ನು ಒಮ್ಮೆ ಸವರಿಕೊಂಡು. "ನಮ್ಮ ಡಾಕ್ಟರಮ್ಮ ನನಗ ಕೊಡಂಗಿಲ್ಲ ಅಂದಾಳ ನೋಡ್ರಿ."

"ಅವ್ರು ಕೊಡದಿದ್ರೆ ಏನಾತು, ನಾನು ಸತ್ತಿದೀನಾ?"

ಮುಂದಿನ ಬುತ್ತಿ ಬಂದದ್ದು ಶನಿವಾರ. ಅವ್ವ ಅದನ್ನು ಕೊಟ್ಟೂರು ಸ್ಟ್ಯಾಂಡಿನಲ್ಲಿ ನನ್ನ ಕೈಗಿಟ್ಟು ಬಸ್ಸಿನ ಜೊತೆ ಕೂಡ್ಲಿಗಿಗೆ ಹೋಗಿದ್ದಳು. ಗಂಟು ಬಿಚ್ಚಿದವಳು ನಾನು. ಮೇಲೆ ರೊಟ್ಟಿ, ಅದರ ಕೆಳಗೆ ಎಣಗಾಯಿ. ಎಲ್ಲದರ ಕೆಳಗೆ, ಎರಡು ಹೋಳಿಗೆಯ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಮಾತ್ರೆ ಹಾಳೆ. ತುಪ್ಪ ಹತ್ತಿ ಮಿನುಗುತ್ತಿತ್ತು. ನಾನು ಎತ್ತುವಷ್ಟರಲ್ಲಿ ಅಜ್ಜನ ಕೈ ಬಂತು ನೋಡಿ, ಅಬ್ಬಾ! ಎದ್ದು ನಿಲ್ಲಲು ಗೋಡೆ, ಕೋಲು, ನಾನು, ಮೂರೂ ಬೇಕಾಗುವ ಮನುಷ್ಯ, ಕೋಳಿಮರಿಯ ಮೇಲೆ ಗಿಡುಗ ಎರಗಿದಂತೆ ಎರಗಿ ಅದನ್ನು ಎತ್ತಿಕೊಂಡು ಎಲೆ ಅಡಿಕೆ ಚೀಲಕ್ಕೆ ಸೇರಿಸಿಬಿಟ್ಟ.

"ಅಜ್ಜ, ಅದು ನಿನಗ ಬ್ಯಾಡ ಅಂದಾರ."

"ಯಾರು?"

"ಡಾಕ್ಟರಮ್ಮ."

"ಆಕಿ ಏನು ನಮಗ ಬೀಗರೇನು? ಇದು ಬೀಗರ ಬುತ್ತ್ಯಾಗ ಬಂದೈತಿ. ಒಲ್ಲೆ ಅನ್ನಾಕ ಬರಂಗಿಲ್ಲ."

"ಕಾಲಿಗೆ ಕುತ್ತು ಬರ್ತೈತಿ ಅಜ್ಜ."

"ನಾನೇನು ಕಾಲಿಗೆ ತಿನ್ನಸ್ತೀನೇನ್ಲೇ? ಬಾಯಿಗೆ ಹಾಕ್ಕೊಂತೀನಿ."

ಈ ವಾದಕ್ಕೆ ಜೀವಶಾಸ್ತ್ರದ ಯಾವ ಪಾಠದಲ್ಲೂ ಉತ್ತರವಿಲ್ಲ. "ಅವ್ವಗ ಹೇಳ್ತೀನಿ" ಎಂದೆ.

"ಹೇಳು. ಆಕಿ ಬಸ್ ಇಳಿಯೂದ್ರಾಗ ಇಡೀ ಹಾಳಿ ನುಂಗ್ತೀನಿ." ಆಮೇಲೆ ದನಿ ಇಳಿಸಿ, "ಏನ್ ಅವಸರ ಇಲ್ಲ ಬಿಡು. ಸೋಮವಾರ ಸ್ವಾಮಿ ವಾರ. ಸೋಮವಾರ ಜಳಕ ಮಾಡಿ ಶುರು ಮಾಡ್ತೀನಿ" ಎಂದ. ಅಜ್ಜ ಹೊಸ ಬನಿಯನ್ ಹಾಕಿಕೊಳ್ಳುವುದಕ್ಕೂ ಸೋಮವಾರವೇ ಆಗಬೇಕು.

ಹೀಗೆ ನನ್ನ ಕೈಯಲ್ಲಿ ಉಳಿದದ್ದು ಒಂದು ಭಾನುವಾರ. ಹಾಳೆ ಕದಿಯುವಂತಿರಲಿಲ್ಲ, ಎಲೆ ಅಡಿಕೆ ಚೀಲ ಅಜ್ಜನ ಸೊಂಟ ಬಿಟ್ಟು ಇಳಿಯುವುದಿಲ್ಲ, ನಿದ್ದೆಯಲ್ಲೂ. ಅವ್ವನಿಗೆ ಹೇಳುವಂತಿರಲಿಲ್ಲ. ಹಾಗಾಗಿ ನಾನು ತಲೆ ಓಡಿಸಿದೆ. ವಾಪಸ್ ಕೊಡಬಾರದು ಎಂಬುದಲ್ಲವೇ ಕಾನೂನು? ಬೀಗರೇ ಬಂದು ಅದನ್ನು ಗೆದ್ದುಕೊಂಡು ಹೋದರೆ? ಬಹುಮಾನ ಎಂದರೆ ವಾಪಸ್ ಕೊಟ್ಟ ಹಾಗಾಗುವುದಿಲ್ಲ. ಈ ಬುದ್ಧಿ ಹೊಳೆದಾಗ ನಾನು ಕನ್ನಡಿಯ ಮುಂದೆ ಹೋಗಿ ನನ್ನ ಮುಖವನ್ನು ಸ್ವಲ್ಪ ಹೊತ್ತು ಗೌರವದಿಂದ ನೋಡಿಕೊಂಡೆ. ಆಮೇಲೆ ಹಿತ್ತಲಿಗೆ ಹೋಗಿ ಹರಪನಹಳ್ಳಿಗೆ ಫೋನು ಮಾಡಿದೆ.

"ಅಜ್ಜ, ನಮ್ಮಜ್ಜ ಅಂತಾನ, ಹೊಟ್ಟಿ ಸಣ್ಣಗಾದ್ರ ಏನಾತು, ಬೀಗರ ಕಾಲು ನನ್ನ ಕಾಲಿನಷ್ಟು ಗಟ್ಟಿ ಇಲ್ಲ ಅಂತ."

ಆ ಕಡೆ ಲೋಟ ಕುಕ್ಕಿದ ಸದ್ದಾಯಿತು.

"ಯಾರಂದಿದ್ದು? ಬೀಗ್ರಾ? ಇರ್ಲಿ. ನಾಳೆ ಬರ್ತೀನಿ ಅಂತ ಹೇಳು. ಮಿರ್ಚಿ ಮಾಡ್ಸಿ ಇಡ್ರಿ."

ಭಾನುವಾರ ಬೆಳಿಗ್ಗೆ ನಾನು ಅಜ್ಜನ ಪಾದ ನೋಡಿದೆ. ಎಲ್ಲ ಸರಿಯಾಗಿತ್ತು, ಒಂದು ಗೀರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹರಪನಹಳ್ಳಿ ಅಜ್ಜ ಅವ್ವನ ಬಸ್ಸಿನಲ್ಲೇ ಬಂದಿಳಿದರು. ಅವ್ವ ಅವರನ್ನು ಇಳಿಸಿ ಬಸ್ಸಿನ ಜೊತೆ ಕೂಡ್ಲಿಗಿ ಕಡೆ ಹೋದಳು. ಬೀಗರಿಬ್ಬರೂ ಮೊದಲು ಸ್ವಾಮಿ ದರ್ಶನ ಮಾಡಿಕೊಂಡು ಬರುತ್ತೇವೆ ಎಂದು ಹೊರಟರು. ನಾನು ಮನೆಯಲ್ಲಿ ಉಳಿದು ಸ್ಪರ್ಧೆಗೆ ಅಣಿ ಮಾಡಿದೆ: ಎರಡು ಕುರ್ಚಿ, ಕಾಲಿಡಲು ಎರಡು ಮಣೆ, ಕಣ್ಣು ಕಟ್ಟಲು ಎರಡು ಟವೆಲ್, ದೇವರ ಮನೆಯಿಂದ ಒಂದು ಹತ್ತಿ ಬತ್ತಿ. ದಾವಣಗೆರೆಯಲ್ಲಿ ಡಾಕ್ಟರಮ್ಮ ಒಂದು ತೆಳ್ಳನೆ ಎಳೆಯಿಂದ ಪಾದ ಮುಟ್ಟಿ "ಗೊತ್ತಾಗುತ್ತಾ?" ಎಂದು ಕೇಳಿದ್ದನ್ನು ನಾನು ನೋಡಿಕೊಂಡಿದ್ದೆ. ಅವರದ್ದು ಆಸ್ಪತ್ರೆಯ ಎಳೆ, ನನ್ನದು ಎಣ್ಣೆ ಹಾಕದ ಬತ್ತಿ.

ಇಬ್ಬರೂ ಗುಡಿಯಿಂದ ಬಂದದ್ದು ಮೆರವಣಿಗೆಯಂತೆ ಇತ್ತು. ಅಜ್ಜ ಮುಂದೆ, ಎದೆ ಉಬ್ಬಿಸಿಕೊಂಡು. ಹರಪನಹಳ್ಳಿ ಅಜ್ಜ ಹಿಂದೆ, ಮುಖ ಸಣ್ಣಗೆ ಮಾಡಿಕೊಂಡು.

"ಏ ಕೇಳಿಲ್ಲಿ," ಎಂದ ಅಜ್ಜ ಹೊಸಿಲಲ್ಲೇ ನಿಂತು. "ಗುಡಿ ಮುಂದಿನ ಕಲ್ಲುಬಂಡಿ ಕಾದು ಹಂಚಾಗಿತ್ತು. ನಮ್ಮ ಬೀಗರು ಕುಣದ್ರು ನೋಡು, ಥೇಟ್ ಬಯಲಾಟದ ಪಾತ್ರದ ಕುಣಿತ! ನಾನು? ನಿಂತು, ಕೈ ಮುಗದು, ನಿಧಾನಕ ಬಂದೆ. ಚಪ್ಲಿ ಇಲ್ಲ, ಚಾಪಿ ಇಲ್ಲ."

"ದೇವರ ಮುಂದೆ ಹಂಗೆ ಕಾಲು ಸುಡ್ತೈತೆ ಅಂದ್ರೆ ಭಕ್ತಿ ಕಮ್ಮಿ ಅಂತಾರೆ ನಿಮ್ಮಜ್ಜ," ಎಂದು ಹರಪನಹಳ್ಳಿ ಅಜ್ಜ ದೂರು ಹೇಳಿದರು. "ಗುಡಿಯಾಗಿದ್ದೋರೆಲ್ಲಾ ನಕ್ರು."

ನಾವೂ ನಕ್ಕೆವು. ಬಾಗಿಲಲ್ಲಿ ಆಡಿನ ಹಗ್ಗ ಹಿಡಿದುಕೊಂಡು ನಿಂತಿದ್ದ ದೊಡ್ಡವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು.

ಮಿರ್ಚಿ ಬಜ್ಜಿ ತಿಂದು ಮುಗಿಯುತ್ತಿದ್ದಂತೆ ನಾನು ಪಡಸಾಲೆಯ ನಡುವೆ ನಿಂತು, ಲಟ್ಟಣಿಗೆಯನ್ನು ಮೈಕಿನಂತೆ ಹಿಡಿದು ಘೋಷಿಸಿದೆ: ಕೊಟ್ಟೂರು ಕಾಲು ಮತ್ತು ಹರಪನಹಳ್ಳಿ ಕಾಲಿನ ನಡುವೆ ಮಹಾಸ್ಪರ್ಧೆ. ಕಣ್ಣು ಕಟ್ಟುತ್ತೇನೆ. ಬತ್ತಿ ತಾಗಿದಾಗ 'ಹೂಂ' ಅನ್ನಬೇಕು. ಯಾರ ಪಾದಕ್ಕೆ ಹೆಚ್ಚು ತಿಳಿಯುತ್ತದೆಯೋ ಅವರೇ ಗೆದ್ದವರು. "ಗೆದ್ದವರಿಗೆ ಬಹುಮಾನ, ಅಜ್ಜನ ಚೀಲದಾಗಿರೂ ಮಾತ್ರಿ!"

ಅಜ್ಜ ಒಂದು ಗಳಿಗೆ ಯೋಚನೆ ಮಾಡಿದ. ಆದರೆ ಆಗಷ್ಟೇ ಗುಡಿಯಲ್ಲಿ ಗೆದ್ದು ಬಂದಿದ್ದ. "ಕಟ್ಟಲೇ ಕಣ್ಣು," ಎಂದ.

ಮೊದಲು ಹರಪನಹಳ್ಳಿ ಅಜ್ಜ. ಅವರ ಪಾದ ಎಳೆ ಸೌತೆಕಾಯಿಯಂತಿತ್ತು. ಬತ್ತಿ ಹತ್ತಿರ ಒಯ್ಯುವ ಮುಂಚೆಯೇ ಬೆರಳು ಮಡಚಿಕೊಂಡವು. ತಾಗಿಸಿದರೆ "ಹೂಂ", ಮತ್ತೆ ತಾಗಿಸಿದರೆ "ಹೂಂ... ಹಿಹ್ಹಿ... ಬ್ಯಾಡ ಕಣವ್ವಾ, ಕಚಗುಳಿ!" ಕುರ್ಚಿಯಿಂದ ಜಾರಿ ಕೆಳಗೆ ಬೀಳುವುದೊಂದು ಬಾಕಿ. ಒಂದು ಸಲವೂ ತಪ್ಪಲಿಲ್ಲ.

ಆಮೇಲೆ ನಮ್ಮ ಅಜ್ಜ. ಟವೆಲ್ ಕಟ್ಟಿದೆ. ಅಜ್ಜ ಮೀಸೆಯನ್ನು ಒಮ್ಮೆ ಸರಿಮಾಡಿಕೊಂಡು ಕೂತ. ನಾನು ಬತ್ತಿ ತಾಗಿಸಿದೆ.

"ಹೂಂ."

ಇನ್ನೊಂದು ಕಡೆ.

"ಹೂಂ."

ದೊಡ್ಡವ್ವ "ಭೇಷ್!" ಎಂದಳು. ಅಜ್ಜ ಗೆದ್ದುಬಿಟ್ಟರೆ ಮಾತ್ರೆ ಅವನ ಚೀಲದಲ್ಲೇ ಉಳಿಯುತ್ತದೆ! ಆಮೇಲೆ ಗಮನಿಸಿದೆ. ಅಜ್ಜನ 'ಹೂಂ' ಗೋಡೆ ಗಡಿಯಾರದ ಹಾಗೆ, ಒಂದೇ ಅಳತೆಯಲ್ಲಿ ಬರುತ್ತಿತ್ತು. ನಾನು ಮೆಲ್ಲಗೆ ಬತ್ತಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕೈ ಕಟ್ಟಿಕೊಂಡು, ದೂರ ಸರಿದು ಕೂತೆ.

"ಹೂಂ," ಎಂದ ಅಜ್ಜ.

ದೊಡ್ಡವ್ವ ನನ್ನ ಕಿವಿಯ ಬತ್ತಿಯ ಕಡೆ ಬೆರಳು ಮಾಡಿ ತೋರಿಸಿದಳು.

"ಹೂಂ. ಹೂಂ. ಏ, ಅಲ್ಲಿ ಜೋರಾತು, ಮೆಲ್ಲಕ ಮುಟ್ಟು."

ದೊಡ್ಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹರಪನಹಳ್ಳಿ ಅಜ್ಜ ನಗುವುದನ್ನು ತಡೆದು ತಡೆದು ಕೆಮ್ಮಲು ಶುರುಮಾಡಿದರು. ಆಡು ಗಾಬರಿಯಾಗಿ ಉಳಿದ ಒಂದು ಮಿರ್ಚಿ ತಿಂದಿತು, ಆಮೇಲೆ ಅದರ ಗಾಬರಿ ಇನ್ನೂ ಹೆಚ್ಚಾಯಿತು. ಅಜ್ಜ ಮಾತ್ರ ರಾಜಗಾಂಭೀರ್ಯದಲ್ಲಿ, "ಈಗ ಹೆಬ್ಬಟ್ಟಿನ ಬುಡಕ್ಕ ಬಂದಿ. ಹೂಂ," ಎಂದ.

"ಬೀಗ್ರೆ," ಎಂದರು ಹರಪನಹಳ್ಳಿ ಅಜ್ಜ ಕಣ್ಣೊರೆಸಿಕೊಳ್ಳುತ್ತಾ, "ಹುಡುಗಿ ಮುಟ್ಟೇ ಇಲ್ಲ. ಆ ಕಡೆ ಕೂತಾಳೆ."

ಅಜ್ಜ ಟವೆಲ್ ಎಳೆದುಹಾಕಿ ನನ್ನನ್ನು ನೋಡಿದ. ನನ್ನ ಕಿವಿಯ ಮೇಲಿನ ಬತ್ತಿಯನ್ನು ನೋಡಿದ. "ಗಾಳಿ ತಾಗಿತ್ತು," ಎಂದ.

ಮತ್ತೆ ನಗು. ನನಗೆ ಆ ಹೊತ್ತಿನಲ್ಲಿ ಇಡೀ ಕೊಟ್ಟೂರೇ ಚಪ್ಪಾಳೆ ತಟ್ಟಿದ ಹಾಗಿತ್ತು. ಆಟಕ್ಕೊಂದು ಕೊನೆಯ ಚಮಕ್ ಕೊಡೋಣ ಎಂದು, "ಹಂಗಾದ್ರ ತಜ್ಞರಿಂದ ಪರೀಕ್ಷೆ!" ಎನ್ನುತ್ತಾ ಫೋನಿನ ಟಾರ್ಚ್ ಹಾಕಿ ಅಜ್ಜನ ಎಡಗಾಲು ಎತ್ತಿದೆ.

ಹೆಬ್ಬೆರಳ ಬುಡದಲ್ಲಿ ಒಂದು ಬೊಬ್ಬೆ ಇತ್ತು.

ಇಲ್ಲಿ ನಾನು ಏನನ್ನೂ ಹಿಗ್ಗಿಸುವುದಿಲ್ಲ. ಒಂದು ಶೇಂಗಾ ಬೀಜದಷ್ಟು ಇತ್ತು. ನೀರು ತುಂಬಿತ್ತು, ಸುತ್ತಲೂ ಚರ್ಮ ಕೆಂಪಗಿತ್ತು. ಬೆಳಿಗ್ಗೆ ಅದು ಇರಲಿಲ್ಲ. ನಾನು ಬೆರಳಿನಿಂದ ಅದರ ಪಕ್ಕಕ್ಕೆ ಮೆಲ್ಲಗೆ ಒತ್ತಿ ಅಜ್ಜನ ಮುಖ ನೋಡಿದೆ. ಅಜ್ಜ ಇನ್ನೂ ಬೀಗರ ಕಡೆ ತಿರುಗಿ ವಾದ ಮಾಡುತ್ತಿದ್ದ. ಅವನ ಪಾದ ನನ್ನ ಕೈಯಲ್ಲಿ ಇದೆ ಎನ್ನುವುದೇ ಅವನಿಗೆ ನೆನಪಿರಲಿಲ್ಲ.

"ಅಜ್ಜ," ಎಂದೆ. "ಕಾಲು ಸುಟ್ಟೈತಿ."

ನಗು ನಿಂತಿತು. ಹರಪನಹಳ್ಳಿ ಅಜ್ಜ ಕುರ್ಚಿಯಿಂದ ಇಳಿದು, ನೆಲಕ್ಕೆ ಮಂಡಿಯೂರಿ, ಕನ್ನಡಕ ಮೇಲೆ ಸರಿಸಿ ನೋಡಿದರು.

"ಆ ಬಂಡೆ ಮೇಲೆ," ಎಂದರು. "ನನಗೆ ಸುಡ್ತು, ನಾನು ಕುಣಿದೆ. ನಿಮಗೆ ಸುಟ್ಟಿದ್ದೇ ಗೊತ್ತಾಗಿಲ್ಲ ಬೀಗ್ರೆ."

ಅಜ್ಜ ಪಾದವನ್ನು ನನ್ನ ಕೈಯಿಂದ ಎಳೆದುಕೊಂಡ. ಕಿರುಬೆರಳು ಇದ್ದ ಜಾಗವನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡ. ಅದು ಅವನ ಅಭ್ಯಾಸ, ಯಾರಾದರೂ ನೋಡಿದರೆ ಹಾಗೆ ಮಾಡುತ್ತಾನೆ.

"ಮಾತ್ರೆ ಕೊಡ್ರಿ ಇಲ್ಲಿ," ಎಂದು ಹರಪನಹಳ್ಳಿ ಅಜ್ಜ ಕೈ ಚಾಚಿದರು.

"ಬುತ್ತ್ಯಾಗ ಕೊಟ್ಟಿದ್ದು ವಾಪಸ್ ಕೇಳ್ತೀರೇನ್ರಿ?"

"ಕೇಳ್ತೀನಿ. ನನ್ನ ಹೊಟ್ಟೆ ನೋಡಿಕೊಂಡು ಕಳ್ಸಿದ್ದೆ. ನಿಮ್ಮ ಕಾಲು ನೋಡಿ ಕಳ್ಸಿರ್ಲಿಲ್ಲ. ಕೊಡ್ರಿ."

"ಅಂದ್ರ ನಾನು ಸೋತಂಗೇನು?"

"ಗೆದ್ರಿ ಅಂತ್ಲೇ ತಿಳ್ಕಳ್ರಿ. ಹರಪನಹಳ್ಳಿ ತುಂಬಾ ಹೇಳ್ತೀನಿ, ನಮ್ಮ ಬೀಗ್ರು ಗೆದ್ರು ಅಂತ. ಮಾತ್ರೆ ಕೊಡ್ರಿ."

ಹೀಗೆ ಕರುಣೆ ತೋರಿಸಿದ್ದೇ ತಪ್ಪಾಯಿತು. ಅಜ್ಜನಿಗೆ ಬೈದರೆ ಕೇಳುತ್ತಾನೆ, ಕನಿಕರ ತೋರಿಸಿದರೆ ಹಟ ಹಿಡಿಯುತ್ತಾನೆ. ಚೀಲಕ್ಕೆ ಕೈ ಹಾಕಿ, ಹಾಳೆ ತೆಗೆದು, ಒಂದು ಮಾತ್ರೆಯನ್ನು ಪಟ್ಟನೆ ಒತ್ತಿ ಅಂಗೈಗೆ ಬೀಳಿಸಿಕೊಂಡ. "ಸೋಮವಾರ ಯಾಕ, ಈಗ್ಲೇ ತಿಂತೀನಿ. ನನಗೇನೂ ಆಗಿಲ್ಲ." ಕೈ ಬಾಯಿಯ ಕಡೆ ಹೊರಟಿತು. ನಾನು ಒಂದು ಮೊಣಕೈಗೆ ಜೋತುಬಿದ್ದೆ, ಹರಪನಹಳ್ಳಿ ಅಜ್ಜ ಇನ್ನೊಂದಕ್ಕೆ. ಅವರಿಗೆ ತೂಕವೇ ಇಲ್ಲದ್ದರಿಂದ ಪ್ರಯೋಜನವಾಗಲಿಲ್ಲ, ಕೈಯ ಜೊತೆ ಅವರೂ ಮೇಲೆ ಹೋದರು.

ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ಕಾಣಿಸಿಕೊಂಡಳು.

ಡ್ಯೂಟಿ ಮುಗಿಸಿ ಬಂದಿದ್ದಳು. ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಲ್ಲಿ ಟಿಕೆಟ್ ಮಷಿನ್ನಿನ ಚೀಲ. ದೊಡ್ಡವ್ವ ಆಡಿನ ಹಗ್ಗ ಎಳೆದುಕೊಂಡು ಹೇಗೆ ಮಾಯವಾದಳೋ ಗೊತ್ತಿಲ್ಲ.

"ಏನ್ ನಡದೈತಿ ಇಲ್ಲಿ?"

ಮೂವರೂ ಕೈ ಬಿಟ್ಟೆವು. ಅವ್ವ ಅಜ್ಜನ ಅಂಗೈಯನ್ನು ನೋಡಿದಳು, ಹಾಳೆಯನ್ನು ನೋಡಿದಳು, ಬೀಗರನ್ನು ನೋಡಿದಳು. ಕೇಳಿ ತಿಳಿದುಕೊಳ್ಳುವ ಅಗತ್ಯ ಅವಳಿಗೆ ಬೀಳಲಿಲ್ಲ. ಬಸ್ಸು ತುಂಬಾ ಜನರಲ್ಲಿ ಟಿಕೆಟ್ ತೆಗೆಸದವನು ಯಾರು ಎಂದು ಅವಳಿಗೆ ಮುಖ ನೋಡಿಯೇ ತಿಳಿಯುತ್ತದೆ. ಕೈ ಮುಂದೆ ಚಾಚಿದಳು, ಅಷ್ಟೇ. ಅಜ್ಜ ಮಾತ್ರೆ, ಹಾಳೆ ಎರಡನ್ನೂ ಆ ಕೈಯಲ್ಲಿ ಇಟ್ಟ. ಅವಳು ಅದನ್ನು ಹರಪನಹಳ್ಳಿ ಅಜ್ಜನ ಅಂಗಿ ಜೇಬಿಗೆ ತುರುಕಿ, "ನಿಮ್ಮ ಮಾತ್ರಿ ನಿಮ್ಮ ಜೇಬಿನ್ಯಾಗ ಇರ್ಲಿ ಯಜಮಾನ್ರ," ಎಂದಳು. ಬುತ್ತಿಯಲ್ಲಿ ಬಂದದ್ದು ವಾಪಸ್ ಹೋಗಬಾರದೆಂಬ, ವರ್ಷಾನುಗಟ್ಟಲೆ ಯಾರೂ ಮುರಿಯದ ಕಾನೂನು ಅಲ್ಲಿಗೆ ಮುರಿಯಿತು. ಅವರು ತಲೆ ತಗ್ಗಿಸಿ, "ಹೂಂನವ್ವ," ಎಂದರು.

ಆಮೇಲೆ ಅವ್ವ ನೆಲಕ್ಕೆ ಕೂತು ಅಜ್ಜನ ಎರಡೂ ಪಾದ ಹಿಡಿದುಕೊಂಡಳು. ಸೊಸೆ ಕಾಲು ಮುಟ್ಟಿದ ಕೂಡಲೇ ಅಜ್ಜ ರೂಢಿಯಂತೆ ಕೈ ಎತ್ತಿ, "ಚೆಂದಾಗಿ ಬಾಳವ್ವಾ," ಎಂದುಬಿಟ್ಟ. ನನಗೆ ನಗು ಉಕ್ಕಿ ಬಂತು. ಅವ್ವ ತಿರುಗಿ ನೋಡಿದಳು, ನಗು ಬಂದ ದಾರಿಯಲ್ಲೇ ವಾಪಸ್ ಹೋಯಿತು.

"ಬಾಳ್ತೀನ್ರಿ ಮಾವಾರ. ಕಾಲು ಇತ್ಲಾಗ ಕೊಡ್ರಿ." ಟಾರ್ಚಿನ ಬೆಳಕಿನಲ್ಲಿ ಬೊಬ್ಬೆಯನ್ನು ಬಹಳ ಹೊತ್ತು ನೋಡಿದಳು. "ಒಡದಿಲ್ಲ. ಯಾರೂ ಒಡಿಯಂಗಿಲ್ಲ, ಎಣ್ಣಿ ಹಚ್ಚಂಗಿಲ್ಲ, ಸುಣ್ಣ ಹಚ್ಚಂಗಿಲ್ಲ."

ಅಜ್ಜ ಆಗ ಕೇಳಿದ. ಅವನ ದನಿ ಅಷ್ಟು ಸಣ್ಣಗೆ ಇದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಇದೂ ಹೋಗ್ತೈತೇನವ್ವಾ, ಈ ಬೆರಳು?"

"ಇವತ್ತೇ ತೋರ್ಸಿದ್ರ ಯಾಕ ಹೋಗ್ತೈತ್ರಿ? ಮುಳ್ಳು ಹೊಕ್ಕಾಗ ನೋಡಿದ್ದು ತಡ ಆಗಿತ್ತು. ಇದು ಮಧ್ಯಾಹ್ನ ಆಗೈತಿ, ಈಗ ಸಿಕ್ಕೈತಿ." ಅವಳು ಎದ್ದು ನಿಂತಳು. "ಚಪ್ಲಿ ಹಾಕ್ಕೊಳ್ರಿ, ದಾವಣಗೆರಿಗೆ ಹೋಗೂಣು. ಯಜಮಾನ್ರ, ನೀವೂ ನಡ್ರಿ, ಅದೇ ದಾರಿ. ನಿಮ್ಮ ಮಾತ್ರಿ ಸುದ್ದಿ ಆ ಡಾಕ್ಟರಮ್ಮಗ ನೀವೇ ಹೇಳೀರಂತ."

ಹರಪನಹಳ್ಳಿ ಅಜ್ಜ ಬಗ್ಗಿ ಅಜ್ಜನ ಚಪ್ಪಲಿ ಎತ್ತಿಕೊಟ್ಟರು. ಅಜ್ಜ ಬೇಡ ಎನ್ನಲಿಲ್ಲ.

ಬೆರಳು ಉಳಿಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ದಾವಣಗೆರೆಯಲ್ಲಿ ನಡೆದದ್ದನ್ನು ವರ್ಣಿಸುವ ಭಾಗ್ಯ ನನಗೆ ಸಿಗಲಿಲ್ಲ. ಡಾಕ್ಟರಮ್ಮ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬೈದರಂತೆ, ವಾರಗಟ್ಟಲೆ ಡ್ರೆಸಿಂಗ್ ಮಾಡಿ ಕೊನೆಗೆ ಗಾಯ ಮಾಯಿಸಿದರು. ಬೈಗುಳದ ಒಂದೊಂದು ಮಾತನ್ನೂ ಕೇಳಬೇಕೆಂಬ ಆಸೆ ನನಗಿತ್ತು. ಅದಕ್ಕೇ ಆ ಸಂಜೆ ನಾನೂ ಚಪ್ಪಲಿ ಮೆಟ್ಟಿಕೊಂಡು, ತಜ್ಞರು ಇಲ್ಲದೆ ಹೇಗೆ ಎನ್ನುವ ಮುಖ ಮಾಡಿಕೊಂಡು, ಎಲ್ಲರಿಗಿಂತ ಮುಂದೆ ಬಾಗಿಲಿಗೆ ಹೋಗಿ ನಿಂತಿದ್ದೆ.

ಅವ್ವ ನನ್ನ ಕಿವಿಯ ಮೇಲಿನ ಬತ್ತಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಒಳಗ ನಡಿ," ಎಂದಳು.